ಮುರಿಯದೆ ಬೆಂಗಳೂರು ಮುಟ್ಟುವ ಬಗೆ

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ದಾರಿಗಳ ಬಗ್ಗೆ ನನ್ನಷ್ಟು ತಿಳಿದವನು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಹತ್ತಿರ ಪಾಠ ಹೇಳಿಸಿಕೊಂಡವನೇ ಇರಬೇಕು. ಬೇರೆಯವರು ಎಷ್ಟು ಗಂಟೆ ಹಿಡಿಯುತ್ತದೆ, ಕಿಟಕಿ ಪಕ್ಕದ ಸೀಟು ಸಿಗುತ್ತದೆಯೇ ಎಂದಷ್ಟೇ ನೋಡುತ್ತಾರೆ. ನಾನು ನೋಡಿದ್ದು ಒಂದೇ: ದಾರಿಯಲ್ಲಿ ಎಷ್ಟು ಮುರಿಯುತ್ತದೆ.

ಮುರಿಯುವುದೆಂದರೆ ತೊಡದೇವು. ನನ್ನ ಹೆಂಡತಿ ಸತ್ಯಭಾಮಾ ಸಾಗರದ ಕಡೆಯವಳು. ಬೋರಲು ಹಾಕಿದ ಮಣ್ಣಿನ ಮಡಕೆಯ ಕೆಳಗೆ ಉರಿ ಮಾಡಿ, ಅಕ್ಕಿಹಿಟ್ಟು ಬೆಲ್ಲ ಕಲಸಿದ ನೀರುನೀರಾದ ಹಿಟ್ಟಿನಲ್ಲಿ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಕಾದ ಮಡಕೆಯ ಬೆನ್ನ ಮೇಲೆ ಒಮ್ಮೆ ಎಳೆದಳೆಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹಾಳೆ ಏಳುತ್ತದೆ. ತುಪ್ಪ ಸವರಿ, ಬಿಸಿ ಇರುವಾಗಲೇ ಮಡಚಬೇಕು, ಆರಿದರೆ ಗರಿಗರಿ. ತೆಳುವು ಎಷ್ಟೆಂದರೆ, ಒಮ್ಮೆ ನಾನು ಅದರ ಮೂಲಕವೇ ಪಂಚಾಂಗ ಓದಿ ಮುಹೂರ್ತ ಹೇಳಿದ್ದೇನೆ. ಆ ಮದುವೆ ಇವತ್ತಿಗೂ ಗಟ್ಟಿಯಾಗಿದೆ. ಮನೆಯಲ್ಲಿ ಒಂದು ನಿಯಮವುಂಟು: ಇಡಿಯದು ಊರಿಗೆ, ಮುರಿದದ್ದು ನನಗೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಬೆಂಗಳೂರಿನಿಂದ ಸಂಧ್ಯಾ ಎಂಬ ಹುಡುಗಿ ಫೋನ್ ಮಾಡಿದಳು. ಬಸವನಗುಡಿಯಲ್ಲಿ ಶನಿವಾರ, ಭಾನುವಾರ ಮಲೆನಾಡಿನ ತಿಂಡಿಗಳ ಮೇಳ ನಡೆಸುತ್ತಾಳಂತೆ.

"ಆಂಟಿ, ಇನ್ನೂರು ಬೇಕು. ಆದ್ರೆ ಇಡೀದಾಗಿರ್ಬೇಕು, ಪುಡಿ ಆಗಿದ್ರೆ ಟೇಬಲ್ ಮೇಲೆ ಇಡಕ್ಕಾಗಲ್ಲ. ಜನಕ್ಕೆ ಹಿಡಿಸಿದ್ರೆ ಪ್ರತಿ ತಿಂಗಳೂ ಸ್ಟಾಲ್ ನಿಮ್ದೇ. ಬೋರ್ಡ್ ಮೇಲೆ ಯಾರ ಹೆಸರು ಬರೆಸ್ಲಿ?"

ಸತ್ಯಭಾಮಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಮೂವತ್ತೆಂಟು ವರ್ಷಗಳಿಂದ ಅವಳು ಊರಿನ ಮುಂಜಿ, ಮದುವೆ, ಸೀಮಂತಗಳಿಗೆಲ್ಲ ಮಾಡಿ ಕೊಟ್ಟಿದ್ದಾಳೆ. ತಿಂದವರೆಲ್ಲ ಅದನ್ನು 'ತ್ರಿವಿಕ್ರಮರ ಮನೆ ತೊಡದೇವು' ಎಂದೇ ಕರೆಯುತ್ತಾರೆ. ತ್ರಿವಿಕ್ರಮ ಎಂದರೆ ನಾನು. ಅದನ್ನು ತಿದ್ದುವ ಆತುರ ನನಗೂ ಎಂದೂ ಬಂದಿರಲಿಲ್ಲ.

"ಸತ್ಯಭಾಮಾ ಅಂತ ಬರೆಸಿ," ಅಂದಳು. "ಅಷ್ಟೇ ಸಾಕು."

ಫೋನ್ ಇಟ್ಟ ಮೇಲೆ ಅವಳ ಮುಖ ಹೇಗಿತ್ತೆಂದರೆ, ದುರ್ಗಿಗುಡಿಯ ನಮ್ಮ ಬೀದಿಗೆ ಅವತ್ತು ಸೂರ್ಯನ ಅಗತ್ಯವೇ ಬೀಳಲಿಲ್ಲ.

ಹತ್ತು ದಿನ ಇತ್ತು. ಅವತ್ತು ಸಂಜೆಯೇ ಸಭೆ ಕೂತಿತು. ನಾವಿಬ್ಬರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಮ್ಮ ಮಗಳು ನವ್ಯಾ, ಮತ್ತು ಕಾಗದದ ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಹಾಲಸ್ವಾಮಿ. ಅವನು ಇನ್ನೂ ಭದ್ರಾವತಿಯ ಕಾಗದನಗರದ ಕಡೆಯೇ ಇದ್ದಾನೆ. ಅವನ ಹತ್ತಿರ ಒಂದು ಹಳೆಯ ಕಾರಿದೆ.

"ವಿಮಾನದಲ್ಲಿ ಹೋಗಿ," ಅಂದಳು ನವ್ಯಾ. "ಸೋಗಾನೆಯಲ್ಲಿ ಹತ್ತಿದ್ರೆ ಒಂದು ಗಂಟೆ. ಮುರಿಯಕ್ಕೆ ಟೈಮೇ ಇರಲ್ಲ."

"ಇಳಿಯುವಾಗ ದಡ್ ಅಂತ ಕುಕ್ಕತ್ತಲ್ಲಮ್ಮ," ಅಂದ ಹಾಲಸ್ವಾಮಿ. "ನನ್ ಕಾರಲ್ಲಿ ಬನ್ನಿ ಸಾರ್. ಹೂವಿನ ತರ ಕರ್ಕೊಂಡು ಹೋಗ್ತೀನಿ."

"ನಿನ್ನ ಕಾರಲ್ಲಿ ಹೂವು ಇಟ್ರೆ ಗುಲ್ಕಂದ್ ಆಗತ್ತೆ ಮಾರಾಯ," ಅಂದೆ ನಾನು.

ಸತ್ಯಭಾಮಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಬಸ್ಸೋ, ರೈಲೋ, ವಿಮಾನವೋ, ನನಗೆ ಯಾವುದಾದ್ರೂ ಸರಿ. ಯಾವುದ್ರಲ್ಲಿ ಮುರಿಯಲ್ಲ, ಅದೊಂದು ಹೇಳಿ."

ಹಾಗೆ ಕೇಳಿದರೆ ನನ್ನಂಥವನು ಸುಮ್ಮನಿರುತ್ತಾನೆಯೇ? ಕಾರ್ಖಾನೆ ನಿಲ್ಲುವವರೆಗೂ ನಾನು ಅದರ ಪರೀಕ್ಷಾ ಕೊಠಡಿಯಲ್ಲಿದ್ದವನು. ಹಾಳೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದರ ತೂಕ ಹೇಳುತ್ತಿದ್ದೆ. ದೆಹಲಿಯಲ್ಲಿ ಯಾರಾದರೂ ನಮ್ಮ ಕಾಗದ ಹರಿದರೆ ಭದ್ರಾವತಿಯಲ್ಲಿ ನನಗೆ ಕೇಳಿಸುತ್ತಿತ್ತು. ಯಾವ ಯಂತ್ರದ್ದು, ಯಾವ ಪಾಳಿಯದ್ದು ಎಂದು ಕೂತಲ್ಲೇ ಹೇಳುತ್ತಿದ್ದೆ.

"ಎಲ್ಲಾ ಗಾಡಿಗಳನ್ನೂ ಟೆಸ್ಟ್ ಮಾಡ್ತೀನಿ," ಅಂದೆ. "ನೀನು ಮಾಡಿ ಕೊಡು."

ಸತ್ಯಭಾಮಾ ಅರವತ್ತು ತೊಡದೇವು ಮಾಡಿ ಕೊಟ್ಟಳು. ನಾನು ಕಾರ್ಖಾನೆಯ ಕ್ರಮವನ್ನು ಕೂದಲೆಳೆಯಷ್ಟೂ ಬಿಡಲಿಲ್ಲ. ನಮ್ಮಲ್ಲಿ ಯಂತ್ರದಿಂದ ಬಂದ ಕಾಗದವನ್ನು ನೇರವಾಗಿ ಪರೀಕ್ಷೆಗೆ ಹಾಕುವಂತಿರಲಿಲ್ಲ. ಒಂದು ರಾತ್ರಿ ಅದನ್ನು ಗಾಳಿಯಾಡುವ ಹಲಗೆಗಳ ಮೇಲೆ ಬಿಡಿಬಿಡಿಯಾಗಿ ಹರಡಿ, ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಬೇಕು. 'ಬಿಸಿ ಕಾಗದ ಸುಳ್ಳು ಹೇಳುತ್ತದೆ' ಎಂಬುದು ನಮ್ಮ ಕೊಠಡಿಯ ಮಾತು. ಹಾಗಾಗಿ ಅರವತ್ತನ್ನೂ ಮಹಡಿಯ ಕೋಣೆಯಲ್ಲಿ ಕಿಟಕಿ ತೆರೆದು ಹರಡಿದೆ. ಹೊರಗೆ ಸಣ್ಣಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಬೆಳಿಗ್ಗೆ ಮೂರು ಡಬ್ಬಿಗಳಲ್ಲಿ ಇಪ್ಪತ್ತಿಪ್ಪತ್ತು ತುಂಬಿದೆ.

ಮೊದಲು ರೈಲು. ಶಿವಮೊಗ್ಗದಲ್ಲಿ ಹತ್ತಿ ಭದ್ರಾವತಿಯಲ್ಲಿ ಇಳಿದೆ. ಪ್ಲಾಟ್‌ಫಾರಂ ಮೇಲೆ ಹಾಲಸ್ವಾಮಿ ಕಾದಿದ್ದ. ಡಬ್ಬಿ ತೆರೆದೆವು. ಇಪ್ಪತ್ತಕ್ಕೆ ಇಪ್ಪತ್ತೂ ಇಡಿಯಾಗಿದ್ದವು.

ಎರಡನೆಯದು ಕಾರು. ಹಾಲಸ್ವಾಮಿ ಕಾಗದನಗರದ ಒಂದು ಹಂಪನ್ನೂ ಬಿಡದೆ ಹಾರಿಸಿದ. ಒಂದು ಕಡೆ ನಾವು ಎಷ್ಟು ಎತ್ತರಕ್ಕೆ ಹೋದೆವೆಂದರೆ, ಕೆಳಗೆ ಬರುವಷ್ಟರಲ್ಲಿ ನನಗೆ ಹಸಿವಾಗಿತ್ತು. ಡಬ್ಬಿ ತೆರೆದರೆ ಇಪ್ಪತ್ತಕ್ಕೆ ಇಪ್ಪತ್ತು.

ಮೂರನೆಯದು ಬಸ್ಸು. ಆಯನೂರಿಗೆ ಹೋಗಿ ವಾಪಸ್ ಬಂದೆ, ಅದೂ ಹಿಂದಿನ ಸೀಟಿನಲ್ಲಿ. ನನ್ನ ನಾಲ್ಕು ಹಲ್ಲು ಸಡಿಲವಾದವು. ತೊಡದೇವು ಒಂದೂ ಮುರಿಯಲಿಲ್ಲ.

ನನಗೇ ವಿಚಿತ್ರವೆನಿಸಿತು. ಮೂರು ಗಾಡಿಯೂ ಒಂದೇ ಎಂದರೆ ಪರೀಕ್ಷೆಗೆ ಅರ್ಥವೇನು? ವಿಮಾನವನ್ನಾದರೂ ನೋಡೋಣವೆಂದು ಸೋಗಾನೆಗೆ ಹೋಗಿ, ಗೇಟಿನಲ್ಲಿದ್ದ ಕಾವಲುಗಾರನನ್ನು ಕೇಳಿದೆ, "ವಿಮಾನ ಇಳಿಯುವಾಗ ಎಷ್ಟು ಕುಕ್ಕತ್ತಪ್ಪ?"

ಅವನು ನನ್ನನ್ನೂ ಡಬ್ಬಿಯನ್ನೂ ನೋಡಿದ. "ನಾನು ಮೂರು ವರ್ಷದಿಂದ ಇಲ್ಲೇ ನಿಂತಿದ್ದೀನಿ ಸಾರ್. ಕುಕ್ಕೋದು ಒಳಗಿರೋರಿಗೆ ಗೊತ್ತು."

ಮನೆಗೆ ಬಂದು ಡಬ್ಬಿಯನ್ನು ಮಹಡಿ ಮೆಟ್ಟಿಲಿನಿಂದ ಉರುಳಿಸಿದೆ. ಹದಿನಾರು ಮೆಟ್ಟಿಲು. ಒಂದೂ ಮುರಿಯಲಿಲ್ಲ. ಆಗ ನನಗೆ ಅರ್ಥವಾಯಿತು: ಇದು ಗಾಡಿಯ ಗುಣವಲ್ಲ, ನಾನು ಡಬ್ಬಿ ತುಂಬುವ ಕೈಯ ಗುಣ. ನಡುಮನೆಯಲ್ಲಿ ಸಭೆಯನ್ನು ಮತ್ತೆ ಸೇರಿಸಿ, ಎದ್ದು ನಿಂತು ತೀರ್ಪು ಕೊಟ್ಟೆ.

"ಎತ್ತಿನಗಾಡಿಯಲ್ಲಿ ಹೋದ್ರೂ ನಡೆಯತ್ತೆ. ನಾನು ಪ್ಯಾಕ್ ಮಾಡಿದ್ರೆ ಆಯ್ತು."

ಹಾಲಸ್ವಾಮಿ ಒಂದು ತೊಡದೇವು ಕೈಗೆತ್ತಿಕೊಂಡು ಬಗ್ಗಿಸಿದ. ಅದು ಬಗ್ಗಿತು. ಬಿಟ್ಟ. ನೆಟ್ಟಗಾಯಿತು.

"ಸಾರ್, ಇದು ಸ್ವಲ್ಪ ಚಪ್ಪಲಿ ತರ ಬಗ್ಗತ್ತಲ್ಲ?"

"ಕಸುವು ಮಾರಾಯ. ಒಳ್ಳೆ ಹಾಳೆಯ ಲಕ್ಷಣ."

ಸತ್ಯಭಾಮಾ ಅವನ ಕೈಯಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೂ ಅಗಿದಳು. ಬೀದಿಯಲ್ಲಿ ಹೂವಿನವಳು ಬಂದು, ಮಾರಿ, ಹೋಗುವವರೆಗೂ ಅಗಿದಳು.

"ರೀ, ಇದನ್ನ ರಾತ್ರಿ ಎಲ್ಲಿಟ್ಟಿದ್ರಿ?"

"ಮಹಡಿ ಮೇಲೆ, ಬಿಡಿಬಿಡಿಯಾಗಿ, ಕಿಟಕಿ ತೆಗೆದು," ಅಂದೆ ಹೆಮ್ಮೆಯಿಂದ. "ಲ್ಯಾಬಿನ ಕ್ರಮ."

ನವ್ಯಾ ಹಣೆ ಹಿಡಿದುಕೊಂಡಳು. ಸತ್ಯಭಾಮಾ ಒಳಗೆ ಹೋಗಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತಾನು ಎತ್ತಿಟ್ಟಿದ್ದ ಒಂದನ್ನು ತಂದು, ನನ್ನ ಕಿವಿಯ ಹತ್ತಿರ ಹಿಡಿದು ಎರಡು ಬೆರಳಿನಲ್ಲಿ ಒತ್ತಿದಳು. ಚುರ್ ಎಂದಿತು.

"ಇದು ತೊಡದೇವು. ಅದು ನಿಮ್ಮ ಕಾಗದ. ಮಳೆಗಾಳಿಯ ಥಂಡಿ ಹಿಡಿದು ಮೆತ್ತಗಾದ ಮೇಲೆ ಅದು ಯಾಕೆ ಮುರಿಯತ್ತೆ?"

ಮೂವತ್ತು ವರ್ಷ ಕಾಗದಕ್ಕೆ ಹವೆ ತಿನ್ನಿಸಿದವನು ನಾನು. ಹೊಸಬರಿಗೆಲ್ಲ ಥಂಡಿಯ ಮೇಲೆ ಗಂಟೆಗಟ್ಟಲೆ ಭಾಷಣ ಕೊಟ್ಟಿದ್ದೇನೆ. ಆ ಭಾಷಣ ಕೇಳಿ ನಿದ್ದೆ ಹೋದವರಲ್ಲಿ ಹಾಲಸ್ವಾಮಿಯೂ ಒಬ್ಬ. ಅವನೀಗ ನನ್ನ ಮುಖ ನೋಡದೆ ಕ್ಯಾಲೆಂಡರ್ ನೋಡುತ್ತಿದ್ದ.

ಮತ್ತೆ ಅರವತ್ತು. ಈ ಸಲ ಬಿಗಿಮುಚ್ಚಳದಲ್ಲಿ, ಗರಿಗರಿಯಾಗಿ. ಮತ್ತೆ ಭದ್ರಾವತಿ, ಮತ್ತೆ ಹಂಪು, ಮತ್ತೆ ಆಯನೂರು. ರೈಲಿನಲ್ಲಿ ಇಪ್ಪತ್ತಕ್ಕೆ ಆರು ಮುರಿದವು. ಬಸ್ಸಿನಲ್ಲಿ ಹದಿನಾಲ್ಕು. ಹಾಲಸ್ವಾಮಿಯ ಕಾರಿನ ಡಬ್ಬಿಯನ್ನು ತೆರೆದಾಗ ಎಣಿಸಲು ಏನೂ ಇರಲಿಲ್ಲ. ಹಾಲಿಗೆ ಹಾಕಿಕೊಂಡು ಚಮಚದಲ್ಲಿ ತಿನ್ನಬಹುದಿತ್ತು. ನಿಯಮದ ಪ್ರಕಾರ ಎಲ್ಲವೂ ನನಗೇ ಬಂತು, ನಾನೂ ತಿಂದೆ.

ಬುಧವಾರವಾಗಿತ್ತು. ಸತ್ಯಭಾಮಾ ಅಡಿಗೆಮನೆಯಲ್ಲಿ ಫೋನ್ ಹಿಡಿದು ಕೂತಿದ್ದಳು.

"ಭದ್ರಾವತಿಗೇ ಆರು ಮುರಿದ್ರೆ ಬೆಂಗಳೂರಿಗೆ ಎಷ್ಟು ಉಳಿಯತ್ತೆ? ಆ ಹುಡುಗಿಗೆ ಬೋರ್ಡ್ ಬರೆಸಬೇಡ ಅಂತ ಹೇಳಿಬಿಡ್ತೀನಿ."

ನನ್ನ ಬಾಯಿಗೆ ಒಂದು ಮಾತೂ ಬರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ಬೇಕಾದರೆ ನವ್ಯಾಳನ್ನು ಕೇಳಿ.

ನವ್ಯಾ ಒಲೆಯ ಪಕ್ಕ ಬೋರಲಾಗಿದ್ದ ಮಡಕೆಯನ್ನು ನೋಡುತ್ತಿದ್ದಳು. ತುಪ್ಪ ಕುಡಿದು ಕುಡಿದು ಕನ್ನಡಿಯಂತೆ ಕಪ್ಪಗೆ ಹೊಳೆಯುವ ಮಡಕೆ. ಹೊಸ ಮಡಕೆಯ ಮೇಲೆ ಹಾಳೆ ಏಳುವುದಿಲ್ಲ, ಅಂಟಿಕೊಳ್ಳುತ್ತದೆ. ಹಾಗಾಗಿ ಈ ಮನೆಯಲ್ಲಿ ನನಗಿಂತ ಅದಕ್ಕೆ ಮರ್ಯಾದೆ ಹೆಚ್ಚು.

"ಅಮ್ಮ, ಇದು ಅಜ್ಜಿ ಕೊಟ್ಟಿದ್ದಲ್ವಾ? ಸಾಗರದಿಂದ ಹೇಗೆ ಬಂತು ಇಲ್ಲಿಗೆ?"

"ಹೇಗೆ ಬರತ್ತೆ? ರೈಲಲ್ಲಿ. ಮದುವೆಯಾಗಿ ಬರುವಾಗ." ಸತ್ಯಭಾಮಾ ಮಡಕೆಯ ಮೇಲೆ ಕೈಯಾಡಿಸಿದಳು. "ಆಗ ಸಣ್ಣ ಹಳಿ, ಗಾಡಿ ತೊಟ್ಟಿಲು ತೂಗಿದ ಹಾಗೆ ತೂಗ್ತಿತ್ತು. ತೊಡೆ ಮೇಲಿಟ್ಕೊಂಡು ಕೂತಿದ್ದೆ. ಒಂದು ಗೀರೂ ಬೀಳಲಿಲ್ಲ."

ಹಾಗೆಂದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಮಡಕೆಯಿಂದ ಕೈ ತೆಗೆದಳು. ಆಮೇಲೆ ಫೋನ್ ಒತ್ತಿದಳು.

"ಸಂಧ್ಯಾ, ಅಲ್ಲಿ ನನಗೊಂದು ಗ್ಯಾಸ್ ಒಲೆ ಇಟ್ಕೊಡ್ತೀಯಾ? ತರಲ್ಲಮ್ಮ. ಅಲ್ಲೇ ಮಾಡ್ತೀನಿ, ಎಲ್ಲರ ಎದುರಿಗೆ."

ಆ ಕಡೆಯಿಂದ ಬಂದ ಸಂತೋಷದ ಕೂಗು ನನಗೆ ಫೋನಿಲ್ಲದೆಯೇ ಕೇಳಿಸಿತು.

ನನ್ನ ಮೆದುಳು ಕೂಡಲೇ ಓಡಿತು. "ಹಾಗಾದ್ರೆ ಮಡಕೆಯನ್ನ ಟೆಸ್ಟ್ ಮಾಡ್ಬೇಕು. ಮೊದಲು ಬಸ್ಸು, ಆಮೇಲೆ..."

"ಮಡಕೆ ಹತ್ರ ಬಂದ್ರೆ ನಿಮ್ಮ ಕೈ ಮುರೀತೀನಿ," ಅಂದಳು ಸತ್ಯಭಾಮಾ. "ಶುಕ್ರವಾರ ಬೆಳಿಗ್ಗೆ ರೈಲಿಗೆ ಹೋಗೋದು. ಮಡಕೆ ನನ್ನ ತೊಡೆ ಮೇಲೆ. ಮೂವತ್ತೆಂಟು ವರ್ಷದ ಹಿಂದೆಯೇ ಟೆಸ್ಟ್ ಆಗಿದೆ."

"ಮೊದಲೇ ಹೇಳಬಾರದಿತ್ತೇ?"

"ನೀವೂ ಪಕ್ಕದಲ್ಲೇ ಕೂತಿದ್ರಲ್ಲ. ಏನು ಮಾಡ್ತಿದ್ರಿ ಆವತ್ತು?"

ನೆನಪು ಮಾಡಿಕೊಂಡೆ. ಎದುರು ಸೀಟಿನವರಿಗೆ ಕಾಗದದ ಬಗ್ಗೆ ಹೇಳುತ್ತಿದ್ದೆ.

ಶುಕ್ರವಾರ ಮಡಕೆಯನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಅವಳು ಕಿಟಕಿ ಪಕ್ಕ ಕೂತಳು. ಭದ್ರಾವತಿಯಲ್ಲಿ ಹಾಲಸ್ವಾಮಿ ಪ್ಲಾಟ್‌ಫಾರಂಗೆ ಬಂದು, ಕಿಟಕಿಯಲ್ಲಿ ಬಗ್ಗಿ, ನನ್ನನ್ನು ಬಿಟ್ಟು ಮಡಕೆಯನ್ನು ವಿಚಾರಿಸಿಕೊಂಡ. ಗಾಡಿ ಹೊರಟ ಮೇಲೆ ಎದುರಿಗಿದ್ದ ಹೆಂಗಸು ಕೇಳಿದಳು, "ಏನಮ್ಮ ಅದು, ಮಗು ತರ ಹಿಡ್ಕೊಂಡಿದ್ದೀರಲ್ಲ?" ನಾನು ಬಾಯಿ ತೆರೆದೆ. ಸತ್ಯಭಾಮಾ ನನ್ನ ಕಡೆ ಒಮ್ಮೆ ನೋಡಿದಳು. ನಾನು ಬಾಯಿ ಮುಚ್ಚಿದೆ. ತುಮಕೂರಿನವರೆಗೂ ಅವಳೇ ಹೇಳಿದಳು, ಮತ್ತು ಒಂದು ಅಕ್ಷರವನ್ನೂ ಉಬ್ಬಿಸಲಿಲ್ಲ. ಆದರೂ ಇಡೀ ಬೋಗಿ ಕೇಳಿತು. ಹೇಗೆ ಎಂಬುದು ನನಗಿನ್ನೂ ತಿಳಿದಿಲ್ಲ. ಆ ವಿಷಯವನ್ನು ಪರೀಕ್ಷಿಸುವ ಆಸೆಯಿದೆ.

ಶನಿವಾರ ಬಸವನಗುಡಿಯಲ್ಲಿ 'ಸತ್ಯಭಾಮಾ' ಎಂಬ ಬೋರ್ಡಿನ ಕೆಳಗೆ ಅವಳು ಕೋಲನ್ನು ಎಳೆದಾಗಲೆಲ್ಲ ಜನ ಉಸಿರು ಹಿಡಿದು ನೋಡಿದರು. ಸಾಲು ಮೈಸೂರು ಮುಟ್ಟಿತ್ತು ಎಂದು ನಾನು ಹೇಳುತ್ತೇನೆ. ರಸ್ತೆಯ ತಿರುವಿನವರೆಗೆ ಎಂದು ಅವಳು ಹೇಳುತ್ತಾಳೆ. ಸಂಜೆ ಸಂಧ್ಯಾ ಬಂದು ಮುಂದಿನ ತಿಂಗಳ ತಾರೀಖು ಕೇಳಿ ಬರೆದುಕೊಂಡಳು.

ನನಗೆ ಮಾತ್ರ ಒಂದು ಕಷ್ಟವಾಯಿತು. ಮಡಕೆಯಿಂದ ಸೀದಾ ಜನರ ಕೈಗೆ ಹೋಗುತ್ತಿದ್ದುದರಿಂದ ಇಡೀ ದಿನ ಒಂದೂ ಮುರಿಯಲಿಲ್ಲ. ನಿಯಮ ನಿಯಮವೇ. ಮೂರು ಗಂಟೆಯ ಹೊತ್ತಿಗೆ, ತಟ್ಟೆ ದಾಟಿಸುವ ನೆಪದಲ್ಲಿ, ಎರಡನ್ನು ನಾನೇ ಕೈಜಾರಿಸಿದೆ.

"ಕಂಡೆ," ಅಂದಳು ಅವಳು, ಮಡಕೆಯಿಂದ ಕಣ್ಣೆತ್ತದೆ.