ಒಂದು ಲಕ್ಷ ಎಂಟು ಸಾವಿರ

ಯಲಗೂರಪ್ಪನಿಗೆ ಡೆಂಗೂ ಬಂದು ಇಚಲಕರಂಜಿಯ ಸಣ್ಣ ದವಾಖಾನೆಯೊಂದರಲ್ಲಿ ಮಲಗಿ ಐದು ದಿನವಾಗಿತ್ತು. ಹಿಂದಿನ ದಿನ ರಕ್ತದಲ್ಲಿ ಪ್ಲೇಟ್ಲೆಟ್ ತೊಂಬತ್ತೆರಡು ಸಾವಿರ ಇತ್ತು. ಇಪ್ಪತ್ತು ಸಾವಿರದ ಕೆಳಗಿಳಿದರೆ ಕೊಲ್ಹಾಪುರಕ್ಕೆ ಒಯ್ಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಅವನ ಹೆಂಡತಿ ತಂಗೆವ್ವ ಆ ಮಾತು ಕೇಳಿದಾಗಿನಿಂದ ತುತ್ತು ಅನ್ನ ನುಂಗಿರಲಿಲ್ಲ.

ಮಧ್ಯಾಹ್ನ ಅವಳ ತಮ್ಮ ಧನರಾಜ ಮಗ್ಗದ ಕಾರ್ಖಾನೆಯಿಂದ ಓಡೋಡಿ ಬಂದ. ಲ್ಯಾಬಿನವರು ಅವನಿಗೇ ಫೋನ್ ಮಾಡಿದ್ದರು. ಮಗ್ಗಗಳ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಕೇಳಿ, ಹರಕು ಕಾಗದವೊಂದರ ಮೇಲೆ ಗೀಚಿಕೊಂಡಿದ್ದ: 18000.

"ಅಕ್ಕಾ, ಕೊಲ್ಹಾಪುರಕ್ಕ ಹೋಗಾಕ ನಮ್ಮ ಮಾಲಕ ಬಾಪೂಸಾಹೇಬರ ಗಾಡಿ ಹೇಳೇನಿ, ಬರಾಕತ್ತೈತಿ. ಮಾವಗ ಏನೂ ಹೇಳಬ್ಯಾಡ."

ತಂಗೆವ್ವ ಅವನ ಕೈಯಲ್ಲಿದ್ದ ಚೀಟಿ ಇಸಿದುಕೊಂಡು ಅಂಕಿ ನೋಡಿದಳು. ಡಾಕ್ಟರು ಊಟಕ್ಕೆ ಹೋಗಿದ್ದರು. ಅವಳು ಸೀರೆ, ಚಾದರ, ಔಷಧಿಯ ಚೀಟಿ ಎಲ್ಲವನ್ನೂ ಚೀಲಕ್ಕೆ ತುರುಕತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ಗಂಡನ ದನಿ ಕೇಳಿತು.

"ಹೊಟ್ಟಿ ಹಸದೈತಿ ಭಾಳ. ಗಂಜಿ ಒಲ್ಲೆ, ರೊಟ್ಟಿ ಇದ್ರ ಕೊಡು."

ಅವಳ ಕೈ ನಿಂತಿತು. ನಾಲ್ಕು ದಿನ ನೀರು ಕಂಡರೂ ಮುಖ ತಿರುಗಿಸುತ್ತಿದ್ದವನು ಇವನು. ಧನರಾಜ ತಂದ ಚೀಟಿಯನ್ನು ಮತ್ತೆ ನೋಡಿದಳು.

"ಧನರಾಜ, ಲ್ಯಾಬಿನವ್ರು ಬಾಯಿಲೆ ಏನಂದ್ರು? ಅಂದದ್ದು ಅಂದಂಗ ಹೇಳು."

"ಮರಾಠಿಯೊಳಗ ಏಕ ಲಾಖ ಆಠ ಹಜಾರ ಅಂದ್ರು."

"ಲಾಖ ಅಂದ್ರ ಲಕ್ಷ ಅಲ್ಲೇನು? ಹಂಗಾದ್ರ ಇದರಾಗ ಲಾಖ ಎಲ್ಲೈತೋ?"

ಧನರಾಜ ಬಗ್ಗಿ ಚೀಟಿ ನೋಡಿದ. ಒಂದು ಕೇಳಿದಾಗ ಒಂದು, ಎಂಟು ಕೇಳಿದಾಗ ಎಂಟು, ಹಜಾರಕ್ಕೆ ಮೂರು ಸೊನ್ನೆ ಬರೆದಿದ್ದ; ಬರೆದದ್ದನ್ನು ನೋಡಿ ಗಾಬರಿಯಾದ ಮೇಲೆ ಕೇಳಿದ್ದು ನೆನಪಿಗೇ ಬಂದಿರಲಿಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ತಂಗೆವ್ವ ಚೀಟಿಯನ್ನು ಮಗುಚಿ, ಮೊದಲು ಅಕ್ಷರದಲ್ಲಿ ಬರೆದಳು: ಒಂದು ಲಕ್ಷ ಎಂಟು ಸಾವಿರ. ಆಮೇಲೆ ಅದರ ಕೆಳಗೆ ಒಂದೊಂದೇ ಅಂಕಿ ಇಟ್ಟಳು.

"ಲಕ್ಷದ ಮನ್ಯಾಗ ಒಂದು. ಹತ್ತು ಸಾವಿರದ ಮನ್ಯಾಗ ಏನೂ ಇಲ್ಲ, ಅಲ್ಲೊಂದು ಸೊನ್ನಿ. ಸಾವಿರಕ್ಕ ಎಂಟು. ಮುಂದ ಮೂರು ಸೊನ್ನಿ."

1,08,000.

ಆದರೂ ನಂಬಲು ಅಂಜಿಕೆ. ಲ್ಯಾಬಿಗೆ ಅವಳೇ ಫೋನ್ ಹಚ್ಚಿದಳು. ಅಲ್ಲಿ ಕೆಲಸ ಮಾಡುವ ಮಯೂರಿ ರಿಪೋರ್ಟು ನೋಡಿ ಮರಾಠಿಯಲ್ಲೇ ನಿಧಾನವಾಗಿ ಹೌದೆಂದಳು: "ಹೋಯ್ ಮಾವಶಿ, ಏಕ ಲಾಖ ಆಠ ಹಜಾರ. ಕಾಲಚ್ಯಾಪೇಕ್ಷಾ ವಾಢಲ್ಯಾತ."

ನಿನ್ನೆಗಿಂತ ಏರಿವೆ! ತಂಗೆವ್ವ ಅಲ್ಲೇ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ತಪ್ಪಾತಬೇ ಅಕ್ಕಾ," ಎಂದ ಧನರಾಜನಿಗೂ ಕಣ್ಣು ತುಂಬಿದ್ದವು.

"ಇರಲಿ ಬಿಡೋ. ಗಾಡಿ ಬ್ಯಾಡಂತ ಹೇಳಿ ಬಾ ಮೊದಲ."

ಸಂಜೆ ಡಾಕ್ಟರು ರಿಪೋರ್ಟು ನೋಡಿ, ಹೀಗೇ ಏರುತ್ತ ಹೋದರೆ ನಾಡಿದ್ದು ಮನೆಗೆ ಹೋಗಬಹುದು ಎಂದರು. ಅಷ್ಟೊತ್ತಿಗೆ ಯಲಗೂರಪ್ಪ ಒಂದೂವರೆ ರೊಟ್ಟಿ ಮುಗಿಸಿ, ಪಲ್ಯಕ್ಕೆ ಖಾರ ಸಾಲದೆಂದು ತಕರಾರು ತೆಗೆದಿದ್ದ. ತಂಗೆವ್ವ ಉಳಿದರ್ಧ ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡಳು.