ಉಳಿದ ಜಾಗದ ಕಲ್ಲು

ಸುಂದರ ನಡೆಯುವಾಗ ತಲೆ ಎತ್ತುತ್ತಿರಲಿಲ್ಲ. ಕಳೆದುಹೋದ ಉಂಗುರ ಹುಡುಕುವವನಂತೆ ನೆಲ ನೋಡುತ್ತಾ, ಎಡಗಾಲನ್ನು ಮೊದಲು ಮೆಲ್ಲಗೆ ಊರಿ, ಆಮೇಲೆ ಮೈಭಾರ ಬಿಡುತ್ತಿದ್ದ. ಪ್ಯಾಂಟಿನ ಜೇಬಿನಲ್ಲಿ ಸದಾ ತೆಂಗಿನೆಣ್ಣೆಯ ಪುಟ್ಟ ಬಾಟಲಿ. ಅದರ ಕಲೆ ಎಷ್ಟು ಉಜ್ಜಿದರೂ ಹೋಗದೆಂದು, ಮಿರ್ಕಾಬ್ ಪೇಟೆಯ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದ ಹೆಂಡತಿ ಚಂಪಾ ಹತ್ತು ವರ್ಷ ಗೊಣಗಿದಳು.

ಆ ನಡಿಗೆ ಬಂದದ್ದು ಕೊಲ್ಲಿ ಯುದ್ಧ ಮುಗಿದ ಮರುವರ್ಷ, ತೊಂಬತ್ತೆರಡರಲ್ಲಿ. ರಾಯ್‌ನ ಕೈಗಾರಿಕಾ ಪೇಟೆಯ ಗ್ಯಾರೇಜೊಂದರಲ್ಲಿ ಫೋರ್‌ಮನ್ ಆಗಿದ್ದ ಅವನು, ಕೆಟ್ಟುನಿಂತ ಗಾಡಿ ತರಲು ಮರುಭೂಮಿಗೆ ಹೋಗಿ, ಮರಳಲ್ಲಿ ಹೂತ ನೆಲಬಾಂಬಿನಿಂದ ಒಂದು ಗೇಣು ಈಚೆಗೆ ಎಡಗಾಲು ಇಟ್ಟಿದ್ದ. ಉಳಿದ. ಮುಂದಿನ ಶುಕ್ರವಾರ, ರಜೆಯ ದಿನ, ಅಲ್ಲಿಗೇ ಮರಳಿ ಹೋಗಿ, ಕಲ್ಲು ನಿಲ್ಲಿಸಿ, ಎಣ್ಣೆ ಹೊಯ್ದು ಬಂದ. ಬೈಬಲಿನ ಪೂರ್ವಕಾಲದ ಇಬ್ರಿಯ ಜನ ಹಾಗೆ ಮಾಡುತ್ತಿದ್ದರೆಂದು ಮಂಗಳೂರಿನ ಸಂಡೇ ಸ್ಕೂಲಿನಲ್ಲಿ ಕೇಳಿದ್ದು ಅವನ ತಲೆಯಲ್ಲಿ ಮೊಳೆಯಂತೆ ಕೂತಿತ್ತು: ದೇವರು ಎಲ್ಲಿ ಕೈಹಿಡಿದನೋ ಅಲ್ಲೇ ಕಲ್ಲು; ನದಿ ದಾಟಿಸಿದರೆ ನದಿಯ ತಳದ್ದೇ ಕಲ್ಲು; ಮಕ್ಕಳು ಇದೇನೆಂದು ಕೇಳಿದಾಗ ಹೇಳಲಿಕ್ಕೆ.

“ಸುಂದರಣ್ಣ, ದೇವರಿಗೆ ಇನ್ನೊಂದು ಸಲ ಕೆಲಸ ಕೊಡ್ಲಿಕ್ಕೆ ಹೋದದ್ದಾ?” ಎಂದ ಗ್ಯಾರೇಜಿನ ಮುತ್ತಲಿಬ್. “ಇಲ್ಲಿಂದ್ಲೇ ಶುಕ್ರಾನ್ ಹೇಳಿದ್ರೆ ಅವನಿಗೆ ಕೇಳುದಿಲ್ವಾ?”

“ಉಳಿಸಿದ ಜಾಗದಲ್ಲೇ ಥ್ಯಾಂಕ್ಸ್ ಹೇಳ್ಬೇಕು ಮಾರಾಯ.”

ಈ ಮಾತು ಕಿವಿಗೆ ಬಿದ್ದಾಗ ಚಂಪಾ ನಗಲಿಲ್ಲ. ಅವಳಿಗೆ ಉಳಿದ ಜಾಗವೆಂದರೆ ಸಾಯಬೇಕಿದ್ದ ಜಾಗ.

ತೊಂಬತ್ತೊಂಬತ್ತರಲ್ಲಿ ಗ್ಯಾರೇಜಿನೆದುರು ನೀರಿನ ಟ್ಯಾಂಕರೊಂದು ಅವನ ಅಂಗಿ ಸವರಿಕೊಂಡು ಹೋಯಿತು. ರಸ್ತೆಯಂಚಿನಲ್ಲಿ ಮೊಳದುದ್ದದ ಕಲ್ಲು ನಿಂತಿತು. ಪ್ರತಿವರ್ಷ ಅದೇ ದಿನ ಎಣ್ಣೆ. ಆ ದಿನ ಅವನು ಬಂದ ಬಾಗಿಲ ಸದ್ದಾಗುವವರೆಗೆ ಚಂಪಾಳಿಗೆ ಅನ್ನ ಇಳಿಯದು. ಮೂರನೆಯ ವರ್ಷ ಬಾಟಲಿಯನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟಳು.

“ಕೊಡು ಮಾರಾಯ್ತಿ, ಹತ್ತು ನಿಮಿಷ.”

ಕೊಟ್ಟಳು.

ಕಲ್ಲಿಗೆ ಬಗ್ಗಿದ್ದಾಗ ಹಿಂದಿನಿಂದ ಪಿಕಪ್ ಗಾಡಿ ಬಂತು. ಈ ಸಲ ಅವನು ಉಳಿಯಲಿಲ್ಲ. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಬಟ್ಟೆಯಿತ್ತು, ಬಾಟಲಿಯಿತ್ತು. ಬಾಟಲಿ ಒಡೆದಿರಲಿಲ್ಲ.

ತಿಂಗಳು ಕಳೆದ ಮೇಲೆ ಒಂಬತ್ತು ವರ್ಷದ ಮಗಳು ಅಮಿತಾ ಆ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. “ಮಮ್ಮೀ, ಪಪ್ಪನ ಸ್ಟೋನಿಗೆ ಇನ್ನು ಆಯಿಲ್ ನಾನು ಹಾಕ್ತೇನೆ.” ಹೇಳಿ ತಿರುಗಿದವಳು ಎಡಗಾಲನ್ನು ಮೊದಲು ಮೆಲ್ಲಗೆ ಊರಿದಳು. ಚಂಪಾ ಆ ಕಾಲನ್ನೇ ನೋಡಿದಳು: ಅವನದ್ದೇ ನಡಿಗೆ.

ಮರುದಿನ ಶುಕ್ರವಾರ. ರಸ್ತೆ ಖಾಲಿಯಿರುವ ನಸುಕಿನಲ್ಲಿ ಮುತ್ತಲಿಬನ ಗಾಡಿಯಲ್ಲಿ ಹೋಗಿ ಕಲ್ಲು ಕಿತ್ತಳು. ಎಣ್ಣೆಗೆ ಕೈ ಜಾರುತ್ತಿತ್ತು; ಪ್ರತಿ ಎಳೆತಕ್ಕೂ ತಿರುಗಿ ಹಿಂದೆ ನೋಡುತ್ತಿದ್ದಳು.

“ತಪ್ಪಲ್ವಾ ಅಕ್ಕಾ?”

“ತಪ್ಪೇ. ಎತ್ತು.”

ಕಲ್ಲು ಈಗ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಪಕ್ಕ. ಇದೇನೆಂದು ಅಮಿತಾ ಅಲ್ಲೇ ಕೇಳುತ್ತಾಳೆ, ಚಂಪಾ ಅಲ್ಲೇ ಹೇಳುತ್ತಾಳೆ.

ದೇವರು ಕೈಹಿಡಿದದ್ದನ್ನು ಮರೆಯಲಾರದ ಇಂಥವರ ಹೆದರಿಕೆಯೆಲ್ಲ ಕಾಲಿನಲ್ಲಿರುತ್ತದೆ, ಎದೆಯಲ್ಲಿರುವುದಿಲ್ಲ. ಎದೆಯ ಹೆದರಿಕೆಯನ್ನು ಮನೆಯಲ್ಲಿ ಕಾದು ಕೂತವರು ಹೊರಬೇಕು. ಕಲ್ಲು ನಿಲ್ಲಿಸಿದವರು ಹೋದ ಮೇಲೂ ಅದನ್ನು ಇಳಿಸಲು ಜಾಗ ಸಿಗುವುದಿಲ್ಲ.