ಹಾಳೆಯಲ್ಲಿದ್ದ ಮನುಷ್ಯ

ನಾವು ಹುಡುಕುತ್ತಿದ್ದ ಮನೆ ಇದೇ ಅಂದ ಬ್ರೆಂಡನ್. ಟಿವಿ ಧಾರಾವಾಹಿಯೊಂದರ ಚಿತ್ರೀಕರಣಕ್ಕೆ ಜಾಗ ಹುಡುಕಿಕೊಂಡು ಒಹಾಯೊದ ಆ ಸಣ್ಣ ಊರಿಗೆ ಬಂದಿದ್ದ. ವರ್ನಾಳ ಮನೆಯ ಕಂದು ಸೋಫಾ, ಅವಳಮ್ಮನ ಕಾಲದ ಪರದೆ, ನೆಲಮಾಳಿಗೆಯ ಮೆಟ್ಟಿಲು ಎಲ್ಲವೂ ಅವನಿಗೆ ನಿಧಿ ಸಿಕ್ಕಂತಾಗಿತ್ತು. ಕೊಲೆ ನಡೆದ ರೀತಿ ನೋಡಿ ಕೊಲೆಗಾರ ಎಂಥವನೆಂದು ಹೇಳುವ ವಿದ್ಯೆಯನ್ನು ಪೊಲೀಸರು ಆಗಷ್ಟೇ ಕಲಿಯುತ್ತಿದ್ದ ಕಾಲದ ಕಥೆಯಂತೆ.

ಆ ಕಾಲದ ಬಗ್ಗೆ ವರ್ನಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1979ರಲ್ಲಿ ಊರಿನ ಇಬ್ಬರು ಹುಡುಗಿಯರ ಕೊಲೆಯಾದಾಗ ಆ ವಿದ್ಯೆಯ, ಟೈ ಕಟ್ಟಿದ ಇಬ್ಬರು ಪಂಡಿತರು ಬಂದು ಕೊಲೆಗಾರ ಇಂಥವನೆಂದು ಒಂದು ಹಾಳೆ ಬರೆದುಕೊಟ್ಟು ಹೋಗಿದ್ದರು: ಮದುವೆಯಾಗದವನು, ತಾಯಿಯ ಜೊತೆ ಇರುವವನು, ಮಾತು ತೊದಲುವವನು. ಹೆಸರು ಬರೆದಿರಲಿಲ್ಲ, ಅದೊಂದು ದೊಡ್ಡ ಉಪಕಾರ! ಊರಿಗೆ ಹೆಸರು ಬೇಕಾಗಲೂ ಇಲ್ಲ. ಹಾಳೆಯ ಮೂರು ಮಾತೂ ಹೊಂದುತ್ತಿದ್ದ ಅವಳ ಅಣ್ಣ ಲೈಲ್‌ನ ಗಡಿಯಾರ ರಿಪೇರಿ ಅಂಗಡಿಗೆ ಜನ ಬರುವುದು ನಿಂತಿತು. ಅಮ್ಮ ಚರ್ಚಿಗೆ ಹೋಗುವುದು ಬಿಟ್ಟಳು. ನಾಲ್ಕು ವರ್ಷದ ಮೇಲೆ ಸಿಕ್ಕಿಬಿದ್ದ ಕೊಲೆಗಾರ ಹೆಂಡತಿ ಮಕ್ಕಳಿದ್ದವನು, ಚರ್ಚಿನಲ್ಲಿ ಒಂದಕ್ಷರ ತೊದಲದೆ ಹಾಡುತ್ತಿದ್ದವನು. ತಪ್ಪಾಯಿತು ಎನ್ನಲು ಟೈನವರೂ ಬರಲಿಲ್ಲ, ಊರವರೂ ಬರಲಿಲ್ಲ. ನೆನೆದರೆ ವರ್ನಾಳಿಗೆ ಇವತ್ತಿಗೂ ಮೈ ಉರಿಯುತ್ತದೆ.

"ನಿಮ್ ಕಥೇಲಿ ಈ ಮನೇಲಿ ಯಾರಿರ್ತಾರಪ್ಪ?" ಎಂದು ಕೇಳಿದಳು.

"ಕೊಲೆಗಾರ, ಮೇಡಂ. ಅಮ್ಮನ್ ಜೊತೆ ಇರ್ತಾನೆ, ತೊದಲ್ತಾನೆ. ಆಗಿನ ಪೊಲೀಸ್ ಹಾಳೆ ಒಂದು ಸಿಕ್ಕಿದೆ ನಮಗೆ. ನಿಜವಾದವನು ಬೇರೆ ಥರ ಇದ್ದನಂತೆ, ಆದ್ರೆ ಟಿವಿಗೆ ಇದೇ ಚೆನ್ನಾಗಿ ಬರುತ್ತೆ."

ಚೆನ್ನಾಗಿ ಬರುತ್ತಂತೆ. ವರ್ನಾ ಅಡುಗೆಮನೆಯತ್ತ ತಿರುಗಿದಳು.

"ಆ ಹಾಳೇಲಿರೋನು ಅಡುಗೆಮನೇಲಿದಾನೆ. ಬಾ, ತೋರಿಸ್ತೀನಿ."

ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದ ಲೈಲ್ ತಿರುಗಿ ನೋಡಿದ. ಎಪ್ಪತ್ತು ದಾಟಿದವನು. ಕೈಯನ್ನು ಟವೆಲಿಗೆ ಒರೆಸಿಕೊಂಡು, "ಬ-ಬನ್ನಿ, ಬನ್ನಿ" ಎನ್ನುತ್ತ ಮುಂದೆ ಚಾಚಿದ.

ಬ್ರೆಂಡನ್‌ನ ಕೈ ಅರ್ಧ ಮೇಲೆದ್ದು ನಿಂತಿತು. ಒಂದೇ ಗಳಿಗೆ. ಅವನು ಸಾವರಿಸಿಕೊಂಡು ಕೈ ನೀಡುವಷ್ಟರಲ್ಲಿ ಲೈಲ್ ತನ್ನದನ್ನು ಹಿಂದಕ್ಕೆ ಎಳೆದುಕೊಂಡಾಗಿತ್ತು. ಯಾರಾದರೂ ಕೈ ಕುಲುಕಲೆಂದು ಕಾಯುವುದನ್ನು ಅವನು ಬಿಟ್ಟು ಬಹಳ ವರ್ಷಗಳಾಗಿದ್ದವು.

"ಕ್ಷಮಿಸಿ, ಕೈಯೆಲ್ಲ ಎ-ಎಣ್ಣೆ" ಅಂದ ಲೈಲ್, ಬಂದವನಿಗೆ ಮುಜುಗರವಾಗದಿರಲೆಂದು.

ವರ್ನಾ ಹೋಗಿ ಬೀದಿ ಬಾಗಿಲು ಪೂರ್ತಿ ತೆರೆದು ಹಿಡಿದಳು.

"ಅವನ ಕೈಲಿ ಏನೂ ಇಲ್ಲ" ಅಂದಳು ಬ್ರೆಂಡನ್‌ಗೆ. "ನಲವತ್ತು ವರ್ಷದಿಂದ ಹೇಳ್ತಾನೇ ಇದೀನಿ. ನೀನೂ ಕೇಳಿಸ್ಕೊಂಡು ಹೋಗು."